ಬುಟ್ಟಿಯಿಂದ ಇಳಿದ ಜೋಕುಮಾರ

ಭಾದ್ರಪದದ ಚೌತಿ ಕಳೆದು ಮೂರು, ಐದು, ಏಳು ದಿನಗಳ ಲೆಕ್ಕದಲ್ಲಿ ಯಲಹಂಕ, ಹೆಬ್ಬಾಳದ ಕೆರೆಗಳ ಕಲ್ಯಾಣಿಗಳಲ್ಲಿ ಗಣಪತಿಗಳು ಮುಳುಗುತ್ತವೆ. ತಮಟೆ ನಿಲ್ಲುತ್ತದೆ, ಪೆಂಡಾಲು ಬಿಚ್ಚುತ್ತಾರೆ, ಹಬ್ಬ ಮುಗಿಯಿತು ಎನ್ನುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳ ಲೆಕ್ಕದಲ್ಲಿ ಮಾತ್ರ ಅಲ್ಲಿಗೆ ಅರ್ಧ ಕತೆಯಷ್ಟೇ ಆಗಿರುತ್ತದೆ. ಕಡುಬು, ಹೋಳಿಗೆ ಉಂಡು ಹೋದ ಗಣಪ ಮೇಲೆ ಹೋಗಿ ತನ್ನ ತಂದೆತಾಯಿಗೆ ಭೂಲೋಕದವರು ಸುಖವಾಗಿದ್ದಾರೆ ಎಂದು ಹೇಳುತ್ತಾನೆ. ಅವನ ಹಿಂದೆಯೇ ಅಷ್ಟಮಿಯಂದು ಹುಟ್ಟಿ ಬರುವ ಜೋಕುಮಾರ ಮಳೆಯಿಲ್ಲದೆ ಬಾಡಿದ ಪೈರನ್ನೂ ಹಸಿದ ಹೊಟ್ಟೆಯನ್ನೂ ಕಂಡು, ನಿಜವನ್ನು ಶಿವನಿಗೆ ಮುಟ್ಟಿಸುತ್ತಾನೆ. ಆಗ ಮಳೆ ಬರುತ್ತದೆ. ಈ ಕತೆಯನ್ನು ಬಲ್ಲ ಊರುಗಳಿಂದ, ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯಿಂದ ಬಂದ ಎಷ್ಟೋ ಸಂಸಾರಗಳು ಇಂದು ಉತ್ತರ ಬೆಂಗಳೂರಿನಲ್ಲಿ ಗಾರೆ ಕಲಸುತ್ತ, ಸೆಂಟ್ರಿಂಗ್ ಕಟ್ಟುತ್ತ ಬದುಕುತ್ತಿವೆ. ಯಶವಂತಪುರದಲ್ಲಿ ರೈಲಿಳಿದವರ ಹಿಂದೆ ಜೋಕುಮಾರ ಬರಲಾರ. ಅವನು ಬರಬೇಕಾದರೆ ಓಣಿ ಬೇಕು, ಬುಟ್ಟಿ ಇಳಿಸಲು ಕಟ್ಟೆ ಬೇಕು, ಮೊರದಲ್ಲಿ ಜೋಳ ತರುವ ಮನೆಯೊಡತಿ ಬೇಕು, ಕೊನೆಗೆ ಸಾಯಲು ಮಡಿವಾಳರ ಬಂಡೆ ಬೇಕು. ಹಾಗಿದ್ದೂ ಇದೇ ಬೆಂಗಳೂರಿಗೆ ಅವನು ಒಮ್ಮೆ ಬಂದಿದ್ದಾನೆ, ನಾಟಕವಾಗಿ. ಆ ಬರವಿನ ದಾರಿಯನ್ನು ಹಿಡಿದು ನೋಡಿದರೆ, ಕರಗುತ್ತಿರುವ ಆಚರಣೆಯೊಂದು ರಂಗದ ಮೇಲೆ ಪಾತ್ರವಾಗುವುದು ಹೇಗೆ ಎಂಬುದಕ್ಕೆ ಕನ್ನಡದಲ್ಲೇ ಉತ್ತರ ಸಿಗುತ್ತದೆ.

ಮೊದಲು ಬುಟ್ಟಿಯೊಳಗೆ ಏನಿದೆ ನೋಡೋಣ. ಹಸಿ ಮಣ್ಣಿನ ಮೂರ್ತಿ, ದಪ್ಪ ಮೀಸೆ, ಅರಳಿದ ಕಣ್ಣು, ತೆರೆದ ಬಾಯಿ, ಮುಚ್ಚುಮರೆಯಿಲ್ಲದೆ ಎದ್ದು ತೋರುವ ಗಂಡಸುತನ. ಬಾಯಿಗೆ ಬೆಣ್ಣೆ, ಸುತ್ತ ಬೇವಿನ ಸೊಪ್ಪು. ಅಂಬಿಗರ, ಬಾರಿಕರ ಮನೆಗಳ ಹೆಂಗಸರು ಈ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಿ, ಕಟ್ಟೆಯ ಮೇಲಿಳಿಸಿ, ಸುತ್ತ ಕೂತು ಅವನ ಹುಟ್ಟು, ಅವನ ಚೆಲುವು, ಅವನ ಪೋಲಿತನ ಎಲ್ಲವನ್ನೂ ಹಾಡುತ್ತಾರೆ. ಮನೆಯವರು ಜೋಳ, ಉಪ್ಪು, ಮೆಣಸಿನಕಾಯಿ ಕೊಟ್ಟರೆ, ಇವರು ಬೇವಿನೆಲೆ, ಕಾಡಿಗೆ, ಒಂದಿಷ್ಟು ನುಚ್ಚು ಕೊಡುತ್ತಾರೆ. ಆ ನುಚ್ಚನ್ನು ರೈತ ಹೊಲಕ್ಕೊಯ್ದು ಚರಗ ಚೆಲ್ಲುತ್ತಾನೆ. ಏಳು ದಿನದ ಆಯುಷ್ಯ ಅವನದು. ಹೆಣ್ಣಿನ ಬೆನ್ನು ಹತ್ತಿದ ತಪ್ಪಿಗೆ ಅನಂತನ ಹುಣ್ಣಿಮೆಯ ಹೊತ್ತಿಗೆ ಕೊಲೆಯಾಗುತ್ತಾನೆ. ಮೂರ್ತಿಯ ತಲೆಯನ್ನು ಒನಕೆಯಿಂದ ಜಜ್ಜುವ ಪದ್ಧತಿ ಎಷ್ಟೋ ಊರುಗಳಲ್ಲಿದೆ. ಕೆಲವು ಕಡೆ ಆಮೇಲೆ ಮೂರು ದಿನ ಮಡಿವಾಳರು ಹೊಳೆಗೆ ಬಟ್ಟೆ ಒಯ್ಯುವುದಿಲ್ಲ, ಬಂಡೆಯ ಹತ್ತಿರ ಅವನು ನರಳುವುದು ಕೇಳಿಸುತ್ತದಂತೆ. ದೇವರೊಬ್ಬ ಸತ್ತದ್ದಕ್ಕೆ ಊರಿನ ಒಂದು ಕಸುಬೇ ಮೂರು ದಿನ ನಿಲ್ಲುವ ಈ ಸಂಗತಿಯಲ್ಲಿ ನಾಟಕಕಾರನಿಗೆ ಬೇಕಾದದ್ದೆಲ್ಲ ಆಗಲೇ ಇದೆ.

ಈ ಆಚರಣೆ ತೆಳುವಾಗಲು ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮೊರ ತುಂಬ ಜೋಳ ಕೊಡುವುದು ಸುಗ್ಗಿಯಲ್ಲಿ ಕಣದಿಂದ ಕಾಳು ಮನೆಗೆ ಬರುವಲ್ಲಿ ನಡೆಯುವ ಮಾತು, ಪಡಿತರದ ಚೀಲದಿಂದಲ್ಲ. ಮನೆಮನೆಯ ಮುಂದೆ ಕೂತು ಕಾಳು ಪಡೆಯುವುದರಲ್ಲಿ ಹಕ್ಕಿನ ಜೊತೆಗೆ ಕೀಳರಿಮೆಯೂ ಸೇರಿಕೊಂಡಿದೆ. ಓದು ಕಲಿತ ಮಗಳು ಬುಟ್ಟಿ ಹೊರಲು ಒಲ್ಲೆನೆಂದರೆ ತಪ್ಪು ಅವಳದಲ್ಲ. ಜೊತೆಗೆ, ಮೈಯ ಬಯಕೆಯನ್ನು ಬಾಯಿತುಂಬ ಹಾಡುವುದು ಮರ್ಯಾದೆಗೇಡು ಎಂಬ ಹೊಸ ಸಂಕೋಚವೂ ಬಂದಿದೆ. ಇಂಥದ್ದನ್ನು ಉಳಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ, ಒಬ್ಬ ನಟನಿಗೆ ಮೀಸೆ ಅಂಟಿಸಿ, ಬೇವಿನ ಸೊಪ್ಪು ಉಡಿಸಿ, ಹಿಂದೆ ಡೊಳ್ಳು ನಿಲ್ಲಿಸಿ ಕುಣಿಸುವುದು. ನೋಡಿದವರಿಗೆ ಅಂದವೆನಿಸುತ್ತದೆ, ಆದರೆ ಆಚರಣೆಯ ಜೀವ ಅದರಲ್ಲಿ ಇರುವುದಿಲ್ಲ.

ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರಿಗೆ ಜೋಕುಮಾರ ಓಣಿಯ ದೇವರು. ಜೊತೆಗೆ ಅವರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಸಂಶೋಧನೆ ಮಾಡಿದವರು, ‘ಸಂಗ್ಯಾ ಬಾಳ್ಯಾ’ ಬಯಲಾಟವನ್ನು ಸಂಪಾದಿಸಿದವರು. ಬಯಲಾಟದ ಹಿಮ್ಮೇಳ ಎಲ್ಲಿ ಮಾತು ಮುಗಿಸಿ ಹಾಡಿಗೆ ದಾಟುತ್ತದೆ, ಹಾಸ್ಯ ಎಲ್ಲಿ ದೇವರ ಮೈಮೇಲೇ ಕೈ ಹಾಕುತ್ತದೆ ಎಂಬುದು ಅವರ ಕಿವಿಗೆ ಗೊತ್ತಿತ್ತು. ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಅವರು ಮಾಡಿದ ಮುಖ್ಯ ನಿರ್ಧಾರ ಒಂದೇ, ಅದನ್ನು ವಿಮರ್ಶೆ ಸಾಕಷ್ಟು ಎತ್ತಿ ಹೇಳಿಲ್ಲ ಎಂಬುದು ನನ್ನ ಅನಿಸಿಕೆ: ನಾಟಕದ ಹೆಸರಿನಲ್ಲಿರುವ ದೇವರ ವೇಷವನ್ನು ಅದರಲ್ಲಿ ಯಾರೂ ಕಟ್ಟುವುದಿಲ್ಲ. ಜೋಕುಮಾರ ಒಂದು ವೇಷವಾಗದೆ, ಮೂರು ಕಡೆ ಹಂಚಿಹೋಗುತ್ತಾನೆ.

ಮೊದಲ ಪಾಲು ಬುಟ್ಟಿಯಲ್ಲೇ ಉಳಿಯುತ್ತದೆ. ಆಟ ಶುರುವಾಗುವಾಗ ಗಣಪತಿಯ ಜಾಗದಲ್ಲಿ ಜೋಕುಮಾರನಿಗೆ ಪೂಜೆ ಸಲ್ಲಬೇಕು, ಸೂತ್ರಧಾರನಿಗೂ ಹಿಮ್ಮೇಳಕ್ಕೂ ಅದರ ಬಗ್ಗೆ ಜಗಳ. ಇಂಥ ನಾಚಿಕೆಯಿಲ್ಲದ ದೇವರನ್ನು ಹೆಂಗಸರು ಮಕ್ಕಳು ಕೂತಿರುವ ಸಭೆಯಲ್ಲಿ ತೋರಿಸುವುದು ಹೇಗೆ? ಈ ಮುಜುಗರವೇ ಆಚರಣೆಯನ್ನು ಊರಿನಿಂದ ಹೊರಹಾಕುತ್ತಿರುವ ಮುಜುಗರ. ಕಂಬಾರರು ಅದನ್ನು ತೆರೆಯ ಹಿಂದೆ ಮುಚ್ಚಿಡದೆ ಆಟದ ಮೊದಲ ದೃಶ್ಯವನ್ನಾಗಿ ಮಾಡಿದರು. ಎರಡನೆಯ ಪಾಲು ಅಡಿಗೆಮನೆಗೆ ಹೋಗುತ್ತದೆ. ಮಕ್ಕಳಿಲ್ಲದ ಗೌಡತಿ ಜೋಕುಮಾರನ ರೂಪವೆಂದು ಪೂಜಿಸಿದ ಪಡವಲಕಾಯಿಯ ಪಲ್ಯ ಮಾಡುತ್ತಾಳೆ, ಗಂಡ ಉಂಡರೆ ಬಸಿರು ನಿಲ್ಲುತ್ತದೆಂಬ ನಂಬಿಕೆ. ಬುತ್ತಿ ಕಟ್ಟಿಕೊಂಡು ರಾತ್ರಿ ದೆವ್ವದ ಹೊಲಕ್ಕೆ ಹೋಗುತ್ತಾಳೆ. ಗೌಡ ಅಲ್ಲಿರುವುದಿಲ್ಲ. ಅದನ್ನು ಉಣ್ಣುವವನು ಆ ಹೊಲವನ್ನು ಉತ್ತು ತನ್ನದೆನ್ನುವ ಬಸಣ್ಣ. ದೇವರು ತುತ್ತಾಗಿ ಒಬ್ಬ ಒಕ್ಕಲಿಗನ ಹೊಟ್ಟೆಗೆ ಇಳಿಯುವುದನ್ನು ಪ್ರೇಕ್ಷಕ ಕಣ್ಣಾರೆ ನೋಡುತ್ತಾನೆ, ಯಾವ ಪವಾಡವೂ ಬೇಕಾಗುವುದಿಲ್ಲ. ಮೂರನೆಯ ಪಾಲು ಹೀಗೆ ಬಸಣ್ಣನ ಮೈ.

ಬಸಣ್ಣನಲ್ಲಿ ದೈವದ ಸೋಂಕೇನೂ ಇಲ್ಲ. ಗೌಡನ ಬಂದೂಕಿಗೆ ಹೆದರದ ಹಟಮಾರಿ ಅವನು. ಉತ್ತವನದೇ ಹೊಲ ಎನ್ನುವುದು ಅವನಿಗೆ ಸಿದ್ಧಾಂತವಲ್ಲ, ಮೈಯ ಅನುಭವ. ಗಂಡಸುತನ ಕಳೆದುಕೊಂಡು ಬಂದೂಕು ಹಿಡಿದ ಗೌಡನ ಎದುರು, ನೆಲವನ್ನೂ ಹೆಣ್ಣನ್ನೂ ಫಲಕ್ಕೆ ತರಬಲ್ಲವನು ನಿಂತಾಗ, ಮಳೆದೇವರ ಹಳೆಯ ಕತೆ ಭೂಮಿಯ ಹೊಸ ಜಗಳವಾಗಿ ಎದುರಿಗೆ ಬರುತ್ತದೆ. ಕಾಲವನ್ನು ಗಮನಿಸಬೇಕು. ನಾಟಕ ರಂಗಕ್ಕೆ ಬಂದದ್ದು 1972ರಲ್ಲಿ, ಅದೇ ವರ್ಷ ದೇವರಾಜ ಅರಸು ಮುಖ್ಯಮಂತ್ರಿಯಾದರು. ಗೇಣಿ ಪದ್ಧತಿಯನ್ನು ತೆಗೆದುಹಾಕಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಕಾನೂನಿಗಿಂತ ಮುಂಚೆಯೇ ಬಸಣ್ಣ ಹೊಲದಲ್ಲಿ ನಿಂತಿದ್ದ. ಅವನ ಹಿಂದೆ ಸಂಗ್ಯಾನ ನೆರಳೂ ಇದೆ, ಪರರ ಹೆಂಡತಿಯ ಪ್ರೀತಿಗೆ ಬಿದ್ದು ಕೊಲೆಯಾದವನನ್ನು ಬಯಲಾಟ ಆಗಲೇ ಊರವರ ಕಣ್ಣೀರಿಗೆ ಒಪ್ಪಿಸಿತ್ತು. ಕೊನೆಗೆ ಗೌಡನ ಆಳುಗಳು ಬಸಣ್ಣನನ್ನು ಕೊಲ್ಲುತ್ತಾರೆ. ಜೋಕುಮಾರ ಸಾಯಲೇಬೇಕು, ಅದು ಆಚರಣೆಯ ಕಟ್ಟಳೆ. ಹಳ್ಳಿಯ ವಿಧಿಯಲ್ಲಿ ಯಾರೂ ಹೊಣೆಯಲ್ಲದ ಆ ಸಾವಿಗೆ ನಾಟಕದಲ್ಲಿ ಹೊಣೆಗಾರನ ಹೆಸರು ಸಿಕ್ಕಿತು.

ಇದಕ್ಕೆ ರಂಗ ಒದಗಿಸಿದವರು ಬಿ.ವಿ. ಕಾರಂತರು. ಹುಡುಗನಾಗಿದ್ದಾಗ ಮನೆಬಿಟ್ಟು ಗುಬ್ಬಿ ಕಂಪನಿ ಸೇರಿ, ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಅವರಿಗೆ ಹಾಡು ನಾಟಕದ ಒಡವೆಯಾಗಿರಲಿಲ್ಲ, ಎಲುಬಾಗಿತ್ತು. ಲಂಕೇಶರು ಕನ್ನಡಕ್ಕೆ ತಂದ ‘ಈಡಿಪಸ್’, ಅವರದೇ ‘ಸಂಕ್ರಾಂತಿ’, ಜೊತೆಗೆ ‘ಜೋಕುಮಾರಸ್ವಾಮಿ’, ಈ ಮೂರನ್ನೂ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಕಾರಂತರು ಆಡಿಸಿದ್ದು ಕನ್ನಡ ರಂಗಭೂಮಿ ಇಂದಿಗೂ ನೆನೆಯುವ ಸಂಗತಿ. ಒಳಗೆ ಮೆತ್ತನೆಯ ಕುರ್ಚಿ, ಕೆಂಪು ಪರದೆ ಇದ್ದೂ ಬಯಲಿಗೆ ಬಂದದ್ದು ಮುಖ್ಯ. ಬುಟ್ಟಿಯ ದೇವರಿಗೆ ಕಟ್ಟೆ ಬೇಕಲ್ಲ, ನಗರ ಒದಗಿಸಬಹುದಾದ ಕಟ್ಟೆ ಅದೇ ಆಗಿತ್ತು.

ಆಕ್ಷೇಪಗಳಿವೆ, ಹಗುರವಾದವಲ್ಲ. ಎಲ್ಲಕ್ಕಿಂತ ಗಟ್ಟಿಯಾದದ್ದು ಇದು: ಜೋಕುಮಾರನನ್ನು ಹೊತ್ತವರು ಹೆಂಗಸರು, ಹಾಡಿದವರು ಹೆಂಗಸರು, ಅವನ ಸಾವಿಗೆ ಅತ್ತವರೂ ಅವರೇ. ನಾಟಕದಲ್ಲಿ ಆ ದನಿ ಬಹುಮಟ್ಟಿಗೆ ಸೂತ್ರಧಾರನಿಗೆ ಹೋಯಿತು, ಕತೆ ಒಬ್ಬ ಗಂಡಸಿನ ಪರಾಕ್ರಮದ ಸುತ್ತ ತಿರುಗಿತು. ಇದನ್ನು ನಾನು ಒಪ್ಪುತ್ತೇನೆ. ಅಂಬಿಗರ ಹೆಂಗಸಿನ ಹಸಿವು, ಅವಳ ಕತ್ತು ನೋಯಿಸುವ ಬುಟ್ಟಿಯ ಭಾರ ಈ ನಾಟಕದಲ್ಲಿಲ್ಲ, ಅದನ್ನು ಇನ್ನೊಬ್ಬರು ಬರೆಯಬೇಕು. ಆದರೂ ಆಟವನ್ನು ನಡೆಸುವುದು ಗೌಡತಿಯ ಬಯಕೆ ಎಂಬುದನ್ನು ಮರೆಯುವಂತಿಲ್ಲ. ಪಡವಲಕಾಯಿಗಾಗಿ ಅವಳು ಊರಿನ ಸೂಳೆ ಶಾರಿಯ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ. ಗೌಡನ ಮನೆಯ ಹೊಸ್ತಿಲು ದಾಟಿ ಆ ಬಾಗಿಲಿಗೆ ಇಟ್ಟ ಹೆಜ್ಜೆ, ಬಸಣ್ಣನ ಯಾವ ಪಂಥಕ್ಕಿಂತಲೂ ದಿಟ್ಟವಾದದ್ದು. ಬಸಣ್ಣ ಸತ್ತ ಮೇಲೂ ಜೋಕುಮಾರ ಉಳಿಯುವುದು ಅವಳ ಬಸಿರಿನಲ್ಲಿ.

ಇನ್ನೊಂದು ಆಕ್ಷೇಪ, ಹಳ್ಳಿಯ ನಂಬಿಕೆಯನ್ನು ಪೇಟೆಯವರಿಗೆ ನೋಟವಾಗಿ ಮಾರಿದರು ಎಂಬುದು. ಎಪ್ಪತ್ತರ ದಶಕದ ನಂತರ ನಿರ್ದೇಶಕರು ಹಿಮ್ಮೇಳ, ಕುಣಿತ, ಬಣ್ಣದ ರುಮಾಲು ಹಿಡಿದು ಹೊರಟದ್ದನ್ನು, ಕೇಂದ್ರದ ಅಕಾಡೆಮಿಗಳು ‘ಬೇರುಗಳ ರಂಗಭೂಮಿ’ ಎಂದು ಅದಕ್ಕೆ ಬೆನ್ನು ತಟ್ಟಿದ್ದನ್ನು ನೋಡಿದರೆ ಈ ಮಾತಿನಲ್ಲಿ ಹುರುಳಿದೆ. ಆದರೆ ಆ ಅನುಕರಣೆಗಳು ಕಂಬಾರರಿಂದ ಕುಣಿತವನ್ನು ತೆಗೆದುಕೊಂಡು ಕೊಲೆಯನ್ನು ಬಿಟ್ಟವು. ಆಚರಣೆಯೊಳಗಿನ ನೋವು ಬಾರದೆ ಅದರ ಅಲಂಕಾರವಷ್ಟೇ ರಂಗಕ್ಕೆ ಬಂದರೆ ಅದು ಪ್ರದರ್ಶನ. ನೋವು ಬಂದು, ಅದಕ್ಕೆ ಇಂದಿನ ಒಂದು ಜಗಳ ಸಿಕ್ಕರೆ ಅದು ಪಾತ್ರ. ‘ಜೋಕುಮಾರಸ್ವಾಮಿ’ಯನ್ನು ಸರೋದ್ ವಾದಕ ರಾಜೀವ ತಾರಾನಾಥರು ಇಂಗ್ಲಿಷಿಗೆ ತಂದಾಗ, ಪಡವಲಕಾಯಿಯ ನಂಬಿಕೆಯನ್ನೇ ಕೇಳದವರಿಗೂ ಅದು ನಾಟಕವಾಗಿಯೇ ದಕ್ಕಿತು. ಎಲ್ಲಿಯ ಓದುಗನಿಗಾದರೂ ಬಂದೂಕು, ಹೊಲ, ಬರಿದಾದ ಮಡಿಲು ಅರ್ಥವಾಗುತ್ತವೆ.

ಹಾಗಾದರೆ ಇದ್ದದ್ದನ್ನು ಇದ್ದಹಾಗೇ ಕಾಪಿಡುವ ಕೆಲಸಕ್ಕೆ ಬೆಲೆಯಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಹೆಬ್ಬಾಳದಲ್ಲಿ ಚರಂಡಿ ಕೆಲಸದ ಅಗೆತದಲ್ಲಿ ಹೊರಬಂದ ಕಿತ್ತಯ್ಯನ ವೀರಗಲ್ಲನ್ನು ನೋಡಿ. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಪೆರ್ಬೊಳಲನಾಡನ್ನು ಕಾಯುತ್ತ ಬಿದ್ದ ಒಬ್ಬನ ರೂಪವೂ ಹೆಸರೂ ಅದರಲ್ಲಿವೆ, ಹೆಬ್ಬಾಳ ಎಂಬ ಹೆಸರಿನ ಹಳೆಯ ರೂಪವೂ ಅಲ್ಲೇ ಸಿಗುತ್ತದೆ. ಆಸಕ್ತರು ಅದನ್ನು ಎತ್ತಿ ನಿಲ್ಲಿಸಿ ಉಳಿಸಿದ್ದು ದೊಡ್ಡ ಉಪಕಾರ. ಆದರೆ ಕಲ್ಲು ಅಷ್ಟು ಕಾಲ ಗಟ್ಟಿಯಾಗಿ ಉಳಿದೂ ಕಿತ್ತಯ್ಯನನ್ನು ಹೆಬ್ಬಾಳ ಮರೆತಿತ್ತು. ಜೋಕುಮಾರನ ಮಣ್ಣು ಏಳು ದಿನಕ್ಕೆ ಪುಡಿಯಾಗುತ್ತದೆ, ವರ್ಷವರ್ಷವೂ ಯಾರೋ ಅವನನ್ನು ನೆನಪಿನಿಂದ ಮತ್ತೆ ಮಾಡಬೇಕಾಗುತ್ತದೆ, ಹಾಗೆ ಮಾಡುವಾಗ ಪ್ರತಿ ಕೈಯೂ ಮೀಸೆಯನ್ನು ಸ್ವಲ್ಪ ಬೇರೆಯಾಗಿ ತಿದ್ದುತ್ತದೆ. ಕಂಬಾರರು ತಿದ್ದಿದ್ದು ಈ ಪರಂಪರೆಯ ಒಳಗೇ ನಿಂತು. ಹಿಂದಿನ ವರ್ಷದ ಮೂರ್ತಿಯನ್ನು ಜೋಪಾನ ಮಾಡಿ ಮತ್ತೆ ಪೂಜಿಸುವ ಪದ್ಧತಿ ಜೋಕುಮಾರನಿಗೆ ಎಂದೂ ಇರಲಿಲ್ಲ.

ಯಲಹಂಕದಲ್ಲೋ ಯಶವಂತಪುರದಲ್ಲೋ ಒಂದು ತಂಡ ಇಂದು ಈ ಪಾತ್ರವನ್ನು ಮತ್ತೆ ಕಟ್ಟಲು ಹೊರಟರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ವೇಷದ ಕುರಿತಲ್ಲ. ಹೊಲಗಳು ಲೇಔಟಾದ ಮೇಲೆ ಬಸಣ್ಣ ಯಾವ ನೆಲದಲ್ಲಿ ನಿಲ್ಲುತ್ತಾನೆ? ಮೂಡಲ ಸೀಮೆಯ ಒಣ ಕೆರೆಗಳ ಸುದ್ದಿಯನ್ನು ಯಾರು ಯಾರಿಗೆ ಮುಟ್ಟಿಸುತ್ತಾರೆ? ಸಾರ್ವೆ ಕಟ್ಟುವ ಹೆಂಗಸಿನ ತಲೆಯ ಮೇಲೆ ಈಗಲೂ ಬುಟ್ಟಿಯಿದೆ, ಒಳಗೆ ಜಲ್ಲಿ. ದಿನಗೂಲಿ ಮುಗಿಸಿ ಅವಳು ಅದನ್ನು ಇಳಿಸುವ ಹೊತ್ತಿಗೆ, ಅವಳ ಊರಿನಲ್ಲಿ ಹುಣ್ಣಿಮೆ ಬಂದಿರುತ್ತದೆ, ಒನಕೆ ಏಳುತ್ತಿರುತ್ತದೆ.