ಫ್ಯಾನ್ ವಿಮಾನದ ಬಗೆಗಿನ ಭಯ ಮತ್ತು ವಾಸ್ತವ

ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಮೈಸೂರು, ಶಿವಮೊಗ್ಗದಂಥ ಸಣ್ಣ ವಿಮಾನ ನಿಲ್ದಾಣಗಳ ಸುತ್ತ ಹಬ್ಬಿರುವ ತಪ್ಪು ಕಲ್ಪನೆಗಳಲ್ಲಿ ಅತಿ ಹಠಮಾರಿಯಾದದ್ದು ‘ಫ್ಯಾನ್ ವಿಮಾನ’ದ ಕುರಿತದ್ದು. ಪ್ರೊಪೆಲ್ಲರ್ ಇರುವ ವಿಮಾನ ಹಳೆಯ ಕಾಲದ್ದು, ಮಹಾನಗರಗಳಲ್ಲಿ ಓಡಿಸಿ ಸವೆದದ್ದನ್ನು ಸಣ್ಣ ಊರುಗಳಿಗೆ ತಳ್ಳಿದ್ದಾರೆ, ಅದನ್ನು ಹತ್ತುವುದು ಜೀವದ ಜೊತೆ ಚೆಲ್ಲಾಟ ಎಂಬುದು ಆ ನಂಬಿಕೆ. ಇದನ್ನು ನೆಚ್ಚಿಕೊಂಡವರು ವಯಸ್ಸಾದ ತಂದೆತಾಯಿಯನ್ನು ಒಂದು ಗಂಟೆಯ ವಿಮಾನ ಬಿಡಿಸಿ ರಾತ್ರಿ ಬಸ್ಸಿಗೆ ಹತ್ತಿಸುತ್ತಾರೆ. ದೂರಕ್ಕೆ ದೂರ ಹೋಲಿಸಿದರೆ ಹೆದ್ದಾರಿ ಪ್ರಯಾಣವೇ ವಿಮಾನಕ್ಕಿಂತ ಎಷ್ಟೋ ಪಟ್ಟು ಅಪಾಯದ್ದು ಎಂಬುದು ಆಗ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಈ ನಿಲ್ದಾಣಗಳಲ್ಲಿ ಹೆಚ್ಚಾಗಿ ಕಾಣುವ ಪ್ರೊಪೆಲ್ಲರ್ ವಿಮಾನ ಎಟಿಆರ್ 72. ಫ್ರಾನ್ಸಿನ ಟುಲೂಸ್‌ನಲ್ಲಿ ತಯಾರಾಗುವ ಈ ವಿಮಾನ ಮೊದಲು ಹಾರಿದ್ದು 1988ರಲ್ಲಿ. ಯಾರೂ ಹಳತೆಂದು ಮೂಗು ಮುರಿಯದ ಏರ್‌ಬಸ್ ಎ320 ಅದಕ್ಕೂ ಒಂದು ವರ್ಷ ಮೊದಲೇ ಹಾರಿತ್ತು. ಬೋಯಿಂಗ್ 737 ಹಾರಿದ್ದಂತೂ 1967ರಲ್ಲಿ. ಎಟಿಆರ್‌ನ ಈಗಿನ 600 ಸರಣಿಗೆ ಯುರೋಪಿನ ಮಾನ್ಯತೆ ಸಿಕ್ಕಿದ್ದು 2011ರಲ್ಲಿ. ಇಂಡಿಗೋ ಸಂಸ್ಥೆ 2017ರ ಕೊನೆಗೆ ಈ ವಿಮಾನಗಳನ್ನು ತರಿಸತೊಡಗಿದಾಗ ಅವು ಕಾರ್ಖಾನೆಯಿಂದ ನೇರವಾಗಿ ಬಂದ ಹೊಸ ವಿಮಾನಗಳಾಗಿದ್ದವು.

ಎಂಜಿನ್ ಕೂಡ ಹಳೆಯ ಜಾತಿಯದಲ್ಲ. ಜೆಟ್ ಎಂಜಿನ್‌ನಲ್ಲಿರುವಂತೆಯೇ ಇದರಲ್ಲೂ ಗಾಳಿಯನ್ನು ಒತ್ತಿ, ಇಂಧನ ಉರಿಸಿ, ಬಿಸಿ ಅನಿಲದಿಂದ ಟರ್ಬೈನ್ ತಿರುಗಿಸಲಾಗುತ್ತದೆ. ಆ ಶಕ್ತಿ ಗಿಯರ್ ಪೆಟ್ಟಿಗೆಯ ಮೂಲಕ ಹೊರಗಿನ ಆರು ಅಲಗುಗಳ ಪ್ರೊಪೆಲ್ಲರ್‌ಗೆ ಹೋಗುತ್ತದೆ. ದೊಡ್ಡ ಜೆಟ್ಟುಗಳಲ್ಲೂ ವಿಮಾನವನ್ನು ಮುಂದೆ ನೂಕುವ ಬಲದ ಬಹುಪಾಲು ಎಂಜಿನ್ನಿನ ಬಾಯಲ್ಲಿರುವ ಫ್ಯಾನಿನದೇ. ಅದರ ಸುತ್ತ ಕವಚವಿರುವುದರಿಂದ ಕಣ್ಣಿಗೆ ಎದ್ದು ಕಾಣುವುದಿಲ್ಲ.

ನಂಬಿಕೆಗೆ ನೀರೆರೆಯುವುದು ಮುಖ್ಯವಾಗಿ ಕಣ್ಣಿಗೆ ಕಾಣುವ ಕೆಲವು ದೃಶ್ಯಗಳು. ಸಣ್ಣ ನಿಲ್ದಾಣದಲ್ಲಿ ಪ್ರಯಾಣಿಕರು ವಿಮಾನದ ಬಳಿಗೆ ನಡೆದೇ ಹೋಗುತ್ತಾರೆ. ಆಗ ಬಲಗಡೆಯ ಎಂಜಿನ್ ಕಿವಿ ಕೊರೆಯುವಂತೆ ಸದ್ದು ಮಾಡುತ್ತಿರುತ್ತದೆ, ಆದರೆ ಅದರ ಪ್ರೊಪೆಲ್ಲರ್ ಅಲುಗಾಡದೆ ನಿಂತಿರುತ್ತದೆ. ‘ಫ್ಯಾನ್ ಜಾಮ್ ಆಗಿದೆ’ ಎಂಬ ಮಾತು ಹುಟ್ಟುವುದು ಇಲ್ಲಿ. ದೊಡ್ಡ ಜೆಟ್ಟುಗಳ ಬಾಲದಲ್ಲಿ, ನಿಂತಾಗ ವಿದ್ಯುತ್ತು ಮತ್ತು ಗಾಳಿ ಒದಗಿಸಲೆಂದೇ ಒಂದು ಚಿಕ್ಕ ಎಂಜಿನ್ ಇರುತ್ತದೆ. ತೂಕ ಉಳಿಸಲು ಎಟಿಆರ್‌ನಲ್ಲಿ ಅದನ್ನು ಇಟ್ಟಿಲ್ಲ. ಬದಲಿಗೆ ಬಲ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ, ಎಂಜಿನ್ ಮಾತ್ರ ಓಡಿಸಿ ಒಳಗಿನ ದೀಪ, ಎಸಿಗಳನ್ನು ನಡೆಸುತ್ತಾರೆ. ಪೈಲಟ್‌ಗಳು ಇದನ್ನು ‘ಹೋಟೆಲ್ ಮೋಡ್’ ಎನ್ನುತ್ತಾರೆ. ಜನ ಹತ್ತುವ ಬಾಗಿಲು ಎಡಗಡೆಗಿರುವುದರಿಂದ ಇದು ಯಾರಿಗೂ ಅಡ್ಡಿಯಲ್ಲ. ಬಾಲದ ಕೆಳಗೆ ನಿಲ್ಲಿಸುವ ಊರುಗೋಲಿನದೂ ಇಂಥದೇ ಕಥೆ. ಜನ ಹಿಂಬಾಗಿಲಿನಲ್ಲಿ ಗುಂಪಾದಾಗ ಮೂತಿ ಮೇಲೇಳದಿರಲೆಂದು ಅದನ್ನು ಇಡುತ್ತಾರೆ, ಹೊರಡುವ ಮುನ್ನ ತೆಗೆಯುತ್ತಾರೆ. ಮುರಿದ ವಿಮಾನಕ್ಕೆ ಕೊಟ್ಟ ಆಸರೆ ಅದಲ್ಲ.

ಇನ್ನೊಂದು ದೃಶ್ಯ ಮೊಬೈಲಿನದು. ಕಿಟಕಿಯಿಂದ ತೆಗೆದ ವಿಡಿಯೊದಲ್ಲಿ ಪ್ರೊಪೆಲ್ಲರ್ ನಿಧಾನವಾಗಿ ಹಿಂದಕ್ಕೆ ತಿರುಗುವಂತೆ, ಅಲಗುಗಳು ಬಾಗಿ ಕಳಚಿ ತೇಲುವಂತೆ ಕಾಣುತ್ತದೆ. ಮೊಬೈಲ್ ಕ್ಯಾಮೆರಾ ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಸೆರೆಹಿಡಿಯದೆ ಸಾಲು ಸಾಲಾಗಿ ಓದುತ್ತದೆ. ಒಂದು ಸಾಲಿನಿಂದ ಮತ್ತೊಂದಕ್ಕೆ ಹೋಗುವಷ್ಟರಲ್ಲಿ ಅಲಗು ಮುಂದೆ ಸರಿದಿರುತ್ತದೆ, ಚಿತ್ರ ಡೊಂಕಾಗುತ್ತದೆ. ಮನೆಯ ಟೇಬಲ್ ಫ್ಯಾನನ್ನು ಅದೇ ಮೊಬೈಲಿನಲ್ಲಿ ತೆಗೆದರೂ ಇದನ್ನು ಹೋಲುವ ವಿಚಿತ್ರ ಕಾಣುತ್ತದೆ. ಆದರೂ ‘ಆಕಾಶದಲ್ಲೇ ಫ್ಯಾನ್ ನಿಂತಿತು’ ಎಂಬ ತಲೆಬರಹದಡಿ ಇಂಥ ತುಣುಕುಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಸುತ್ತುತ್ತವೆ.

ಕುಲುಕಾಟ ಮಾತ್ರ ನಿಜ. ಎಟಿಆರ್ 25,000 ಅಡಿಗಿಂತ ಮೇಲೆ ಹೋಗುವುದಿಲ್ಲ. ಸಾಮಾನ್ಯವಾಗಿ ಅದಕ್ಕಿಂತ ಕೆಳಗೇ ಹಾರುತ್ತದೆ. ಜೆಟ್ಟುಗಳು 35,000 ಅಡಿಯ ಆಸುಪಾಸಿನಲ್ಲಿ ದಾಟಿಹೋಗುವ ಮೋಡಗಳ ನಡುವೆಯೇ ಇದು ಸಾಗಬೇಕು, ಮಳೆಗಾಲದಲ್ಲಂತೂ ಹೊಟ್ಟೆ ತೊಳೆಸುತ್ತದೆ. ವಿಮಾನದ ರಚನೆಯನ್ನು ಇದಕ್ಕಿಂತ ಬಹಳ ಹೆಚ್ಚಿನ ಹೊಡೆತ ತಾಳುವಂತೆ ರೂಪಿಸಿರುತ್ತಾರೆ. ಸೀಟ್ ಬೆಲ್ಟ್ ಕಟ್ಟಿಕೊಂಡವರಿಗೆ ಆಗುವುದು ಕಿರಿಕಿರಿ ಮಾತ್ರ.

ಅಪಘಾತಗಳು ನಡೆದೇ ಇಲ್ಲ ಎನ್ನುವುದೂ ಸುಳ್ಳಾಗುತ್ತದೆ. 2023ರ ಜನವರಿ 15ರಂದು ನೇಪಾಳದ ಪೋಖರಾದಲ್ಲಿ ಎಟಿಆರ್ ಬಿದ್ದು ಅದರಲ್ಲಿದ್ದ 72 ಮಂದಿಯೂ ಸತ್ತರು. ತನಿಖೆಯಲ್ಲಿ ಕಂಡದ್ದು ಕೈತಪ್ಪು: ರೆಕ್ಕೆಯ ಫ್ಲ್ಯಾಪ್ ಸನ್ನೆಯ ಬದಲು ಪ್ರೊಪೆಲ್ಲರ್‌ಗಳ ಸನ್ನೆಗಳನ್ನು ಎಳೆದದ್ದರಿಂದ ಎರಡೂ ಎಂಜಿನ್‌ಗಳು ನೂಕುಬಲ ಕಳೆದುಕೊಂಡವು. 1994ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ರೆಕ್ಕೆಗೆ ಹಿಮಗಟ್ಟಿ ಎಟಿಆರ್ ಬಿದ್ದು 68 ಮಂದಿ ಸತ್ತ ಮೇಲೆ, ಹಿಮ ಒಡೆಯುವ ವ್ಯವಸ್ಥೆಯನ್ನು ವಿಸ್ತರಿಸಲಾಯಿತು. ಹಿಮ ಇಂದಿಗೂ ಈ ಬಗೆಯ ವಿಮಾನಗಳ ನಿಜವಾದ ಶತ್ರು. ಭಯಪಡುವವರು ಅದರ ಬಗ್ಗೆ ಕೇಳಿದರೆ ಅರ್ಥವಿದೆ. ಆದರೆ ಕರ್ನಾಟಕದ ಅತಿ ಘೋರ ವಿಮಾನ ದುರಂತ, 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ 158 ಜನರನ್ನು ಬಲಿತೆಗೆದುಕೊಂಡದ್ದು, ಬೋಯಿಂಗ್ 737 ಜೆಟ್ಟಿನದು. ರನ್‌ವೇಯಲ್ಲಿ ತುಂಬಾ ಮುಂದೆ ನೆಲಕ್ಕಿಳಿದು ಅಂಚು ದಾಟಿತ್ತು. ಅದನ್ನು ಹೇಳಿ ಜೆಟ್ ಹತ್ತಬೇಡಿ ಎಂದು ಯಾರೂ ಸಂದೇಶ ಕಳಿಸುವುದಿಲ್ಲ. ಎದುರಿಗೆ ಯಂತ್ರವಿದ್ದು, ಕೇಳಿದರೆ ಹೇಳಲು ಸಿಬ್ಬಂದಿ ಇದ್ದು, ತನಿಖಾ ವರದಿಗಳು ಸಾರ್ವಜನಿಕವಾಗಿರುವಾಗ ಯಾರೋ ಕಳಿಸಿದ ಮೂವತ್ತು ಸೆಕೆಂಡಿನ ತುಣುಕಿಗೆ ಇರುವ ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲದಿರುವುದು ಬೇಸರದ ಸಂಗತಿ.

ಹಾಗಾದರೆ ಸಣ್ಣ ಊರಿಗೆ ಇದೇ ವಿಮಾನ ಏಕೆ? ಮೈಸೂರಿನ ಮಂಡಕಳ್ಳಿಯಲ್ಲಿ ಉತ್ತರ ಸರಳ: ರನ್‌ವೇ 1,740 ಮೀಟರ್ ಮಾತ್ರ, ಅದನ್ನು ಉದ್ದ ಮಾಡಲು ಹೆದ್ದಾರಿಯೂ ರೈಲು ಹಳಿಯೂ ಅಡ್ಡ. ಕಲಬುರಗಿ, ಶಿವಮೊಗ್ಗಗಳ ರನ್‌ವೇ ಮೂರು ಕಿಲೋಮೀಟರಿಗೂ ಉದ್ದ, ಜೆಟ್ ಇಳಿಯಬಲ್ಲದು. ಅಲ್ಲಿ ನಿರ್ಧರಿಸುವುದು ಲೆಕ್ಕಾಚಾರ. ಬೆಂಗಳೂರು–ಹುಬ್ಬಳ್ಳಿಯಂಥ ಸುಮಾರು 370 ಕಿ.ಮೀ. ಹಾರಾಟದಲ್ಲಿ ಜೆಟ್ ಉಳಿಸುವುದು ಹತ್ತು–ಹದಿನೈದು ನಿಮಿಷ, ಸುಡುವ ಇಂಧನ ಮಾತ್ರ ಬಹಳ ಹೆಚ್ಚು. 180 ಸೀಟು ದಿನವೂ ತುಂಬದ ಊರಿಗೆ 78 ಸೀಟು ಸಾಕು. ಎಂಬತ್ತಕ್ಕಿಂತ ಕಡಿಮೆ ಸೀಟಿನ ದೇಶೀಯ ವಿಮಾನಗಳಿಗೆ ವಿಮಾನ ನಿಲ್ದಾಣ ಪ್ರಾಧಿಕಾರ ಇಳಿಯುವ ಶುಲ್ಕದಿಂದ ವಿನಾಯಿತಿ ಕೊಟ್ಟಿದೆ. ಈ ವಿಮಾನ ಇಷ್ಟು ಚಾಲ್ತಿಯಲ್ಲಿರಲು ಅದೂ ಒಂದು ಕಾರಣ.

ಸೀಟು ಖಾಲಿಯಿದ್ದರೂ ಬೇಕಾದಲ್ಲಿ ಕೂರಲು ಬಿಡದಿರುವುದು ಸಿಬ್ಬಂದಿಯ ದರ್ಪ ಎಂಬುದು ಮತ್ತೊಂದು ದೂರು. ಹರಿಗೋಲಿನಲ್ಲಿ ಅಂಬಿಗ ಜನರನ್ನು ಅತ್ತಿತ್ತ ಕೂರಿಸುವಂತೆ ಇಲ್ಲೂ ಭಾರದ ಹಂಚಿಕೆಯ ಲೆಕ್ಕವಿದೆ. ಹಗುರ ವಿಮಾನದಲ್ಲಿ ನಾಲ್ಕೈದು ಜನ ಹಿಂದೆ ಸರಿದರೂ ಅದು ಬದಲಾಗುತ್ತದೆ. ಬೇಗ ಇಳಿಯಲೆಂದು ಹಣ ಕೊಟ್ಟು ಮುಂದಿನ ಸಾಲು ಹಿಡಿದವರು ಎಲ್ಲರಿಗಿಂತ ಕೊನೆಗೆ ಇಳಿಯುತ್ತಾರೆ, ಏಕೆಂದರೆ ಬಾಗಿಲು ಹಿಂದಿದೆ, ಮುಂದಿರುವುದು ಸಾಮಾನಿನ ಕೋಣೆ.

ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಒದಗಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲಿ ಎಲ್ಲ ಟಿಕೆಟ್ಟೂ 2,500 ರೂಪಾಯಿ ಎಂಬ ನಂಬಿಕೆಯೂ ತಪ್ಪು. ದರಮಿತಿ ಇದ್ದದ್ದು ಸುಮಾರು ಅರ್ಧ ಸೀಟುಗಳಿಗೆ, ಅದೂ ಯೋಜನೆಯಡಿ ಸಹಾಯಧನ ಸಿಗುವ ಮೂರು ವರ್ಷ. ಮಂಜು ಕವಿದ ಬೆಳಿಗ್ಗೆ ವಿಮಾನ ರದ್ದಾದರೆ ‘ಜನ ಕಡಿಮೆ ಇದ್ದರು, ಅದಕ್ಕೆ’ ಎನ್ನುವವರಿದ್ದಾರೆ; ಆದರೆ ರನ್‌ವೇಗೆ ದಾರಿ ತೋರುವ ರೇಡಿಯೊ ಉಪಕರಣವಿಲ್ಲದ ನಿಲ್ದಾಣದಲ್ಲಿ ಇಳಿಯಲು ಹೆಚ್ಚು ದೂರ ಕಾಣಲೇಬೇಕು. ಸಣ್ಣ ನಿಲ್ದಾಣ, ಅರ್ಧ ಗಂಟೆ ಮೊದಲು ಹೋದರೆ ಸಾಕು ಎಂಬ ಧೈರ್ಯವೂ ದುಬಾರಿ. ಚೆಕ್-ಇನ್ ಕೌಂಟರ್ ಇಲ್ಲೂ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಅಲ್ಲಿದ್ದವರೇ ಗೇಟಿಗೂ ವಿಮಾನದ ಬುಡಕ್ಕೂ ಹೋಗಬೇಕಾದ್ದರಿಂದ ಮತ್ತೆ ತೆರೆಯಲು ಅಲ್ಲಿ ಯಾರೂ ಉಳಿದಿರುವುದಿಲ್ಲ.