ಗಂಧಕದ ಗಂಟು: ಟೈರ್ ಏಕೆ ಕರಗುವುದಿಲ್ಲ?

ವಲ್ಕನೀಕರಣವೆಂದರೆ ‘ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಗೊಳಿಸುವುದು’ ಎಂದು ನಾವು ಬೋರ್ಡಿನ ಮೇಲೆ ಬರೆದು ಮುಂದಕ್ಕೆ ಹೋಗುತ್ತೇವೆ. ಅಭ್ಯಾಸ ಬೋಧನೆಯ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ, ‘ಹಾಗಾದರೆ ಹಳೇ ಟೈರ್ ಕರಗಿಸಿ ಹೊಸದು ಮಾಡಬಹುದಲ್ವಾ ಸರ್?’ ಎಂದಳು. ಗಂಧಕದಿಂದ ಕರಗುವ ಬಿಂದು ಮೇಲೇರುತ್ತದೆ ಎಂಬ ಕಲ್ಪನೆ ಆ ಪ್ರಶ್ನೆಯ ಹಿಂದಿದೆ. ನಿಜಕ್ಕೆ, ಟೈರಿಗೆ ಕರಗುವ ಬಿಂದುವೇ ಇಲ್ಲ.

ಕಚ್ಚಾ ರಬ್ಬರಿನ ಉದ್ದ ಸರಪಳಿಗಳು ಬೇಯಿಸಿದ ಶಾವಿಗೆಯ ಎಳೆಗಳಂತೆ. ಬಿಸಿಯಾದರೆ ಒಂದರ ಮೇಲೊಂದು ಜಾರುತ್ತವೆ. ಅಂಥ ರಬ್ಬರಿನ ವಸ್ತುಗಳು ಅಮೆರಿಕದ ಬೇಸಿಗೆಯಲ್ಲಿ ಅಂಟಾಗಿ, ಚಳಿಗಾಲದಲ್ಲಿ ಬಿರುಸಾಗುತ್ತಿದ್ದವು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು ಗಂಧಕದ ಅಡ್ಡಬಂಧವನ್ನು. ಆಗ ಶಾವಿಗೆ ಮೀನಿನ ಬಲೆಯಾಗುತ್ತದೆ: ಗಂಟುಗಳ ನಡುವಿನ ದಾರ ಅಲುಗಾಡಬಹುದು, ಆದರೆ ಜಾರಿ ಹರಿದುಹೋಗಲಾರದು. ಹೆಚ್ಚು ಕಾಯಿಸಿದರೆ ಬಲೆ ಕರಗದೆ ನೇರವಾಗಿ ವಿಘಟನೆಯಾಗುತ್ತದೆ.

ತಣ್ಣನೆಯ ತುದಿಯಲ್ಲಿ ಮಾತ್ರ ಕತೆ ಬೇರೆ. ಕಚ್ಚಾ ರಬ್ಬರು ಸುಮಾರು ಮೈನಸ್ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಜಿನಂತೆ ಬಿರುಸಾಗುತ್ತದೆ. ಇದು ಗಾಜು ಸ್ಥಿತ್ಯಂತರ ತಾಪ. 100 ಭಾಗ ರಬ್ಬರಿಗೆ 1ರಿಂದ 3 ಭಾಗ ಗಂಧಕ ಸೇರಿಸಿದರೆ ಈ ತಾಪ ಹೆಚ್ಚೇನೂ ಬದಲಾಗದು, ಗಂಟುಗಳು ದೂರದೂರ ಇರುತ್ತವೆ. 30 ಭಾಗಕ್ಕಿಂತ ಹೆಚ್ಚಾದರೆ ಸರಪಳಿ ಅಲುಗಾಡಲು ಎಡೆಯೇ ಇರದೆ ಆ ತಾಪ ಕೋಣೆಯ ಉಷ್ಣತೆಯನ್ನೂ ದಾಟುತ್ತದೆ. ಸ್ಥಾಯಿ ವಿದ್ಯುತ್ ಪಾಠದಲ್ಲಿ ತುಪ್ಪಳಕ್ಕೆ ಉಜ್ಜುವ ಎಬೊನೈಟ್ ದಂಡ ಇದೇ. ಅದು ರಬ್ಬರೆಂದು ಹೇಳಿದಾಗ ಮಕ್ಕಳು ನಂಬುವುದೇ ಇಲ್ಲ!

ಗಂಟು ಎಷ್ಟಿದೆ ಎಂಬುದರ ಜೊತೆಗೆ ಎಂಥದ್ದು ಎಂಬುದೂ ಮುಖ್ಯ. ಗಂಧಕ–ಗಂಧಕ ಬಂಧ ಇಂಗಾಲ–ಗಂಧಕ ಬಂಧಕ್ಕಿಂತ ದುರ್ಬಲ. ಆದ್ದರಿಂದ ನಾಲ್ಕಾರು ಗಂಧಕ ಪರಮಾಣುಗಳ ಉದ್ದ ಸೇತುವೆ ದೀರ್ಘಕಾಲದ ಶಾಖಕ್ಕೆ ಬೇಗ ಮುರಿಯುತ್ತದೆ. ಒಂದೇ ಗಂಧಕದ ಸೇತುವೆ ತಾಳುತ್ತದೆ. ಶಾಖ ತಡೆಯಬೇಕಾದ ರಬ್ಬರಿಗೆ ಗಂಧಕ ಕಡಿಮೆ, ವೇಗವರ್ಧಕ ಹೆಚ್ಚು ಹಾಕುವುದು ಇದಕ್ಕಾಗಿ.

ತರಗತಿಗೆ ನಾನು ಸೂಚಿಸುವ ಚಟುವಟಿಕೆ ಸರಳ. ದಪ್ಪ ರಬ್ಬರ್ ಬ್ಯಾಂಡನ್ನು ಸ್ಟ್ಯಾಂಡಿಗೆ ಕಟ್ಟಿ, ಅದು ಚೆನ್ನಾಗಿ ಹಿಗ್ಗುವಷ್ಟು ತೂಕ ತೂಗುಹಾಕಿ, ಪಕ್ಕದಲ್ಲಿ ಅಳತೆಪಟ್ಟಿ ನಿಲ್ಲಿಸಿ. ಹೇರ್ ಡ್ರೈಯರ್‌ನಿಂದ ಬಿಸಿಗಾಳಿ ಬಿಡುವ ಮೊದಲು ತೂಕ ಏರುತ್ತದೋ ಇಳಿಯುತ್ತದೋ ಎಂದು ಊಹೆ ಬರೆಸಿ. ಕಾದ ಲೋಹದಂತೆ ಉದ್ದವಾಗಿ ಇಳಿಯುತ್ತದೆ ಎಂಬ ಊಹೆ ಸಹಜ. ಆದರೆ ತೂಕ ಏರುತ್ತದೆ: ಬಿಸಿಯಾದ ಸರಪಳಿಗಳು ಮತ್ತೆ ಸುರುಳಿಯಾಗಲು ಎಳೆಯುತ್ತವೆ, ಗಂಟುಗಳು ಆ ಎಳೆತವನ್ನು ಜಾರಗೊಡುವುದಿಲ್ಲ. ಏರಿಕೆ ಚಿಕ್ಕದು, ಹಿಂದಿನ ಬೆಂಚಿಗೆ ಕಾಣಲು ತೂಕದ ಬದಿಗೆ ಉದ್ದನೆಯ ಕಡ್ಡಿಯೊಂದನ್ನು ಸೂಚಕವಾಗಿ ಅಂಟಿಸಿ.