ಹೆಚ್ಚು ಸಂಬಳದ ಕೆಲಸ ಬಂದಾಗ

ಊರಿನಲ್ಲಿ ತಿಂಗಳಿಗೆ 35,000 ರೂಪಾಯಿ ಸಂಬಳ, ಸಂಜೆ ಆರಕ್ಕೆ ಮನೆ. ಈಗ ಸೌದಿಯಿಂದ 4,500 ರಿಯಾಲ್‌ನ ಕೆಲಸ ಬಂದಿದೆ. "ಉಸ್ತಾದ್, ಹೋಗಲೇ, ಬೇಡವೇ?" ಎಂಬ ಪ್ರಶ್ನೆ ನಮ್ಮ ಕರಾವಳಿಯ ಮಸೀದಿಗಳಿಗೆ ಹಳೆಯದು. ಬೆಂಗಳೂರಿನಲ್ಲಿ ಇಮ್ಮಡಿ ಸಂಬಳದ ರಾತ್ರಿ ಪಾಳಿ ಸಿಕ್ಕಿದವರೂ ಇದನ್ನೇ ಕೇಳುತ್ತಾರೆ.

ಹೆಚ್ಚು ಸಂಪಾದಿಸಬೇಕೆಂಬ ಆಸೆಯನ್ನು ದುರಾಸೆ ಎಂದು ಹಳಿಯಬೇಡಿ. ಜುಮಾ ನಮಾಝ್ ಮುಗಿದ ಮೇಲೆ ಹೊರಟು ಅಲ್ಲಾಹನ ಅನುಗ್ರಹವನ್ನು ಅರಸಲು ಕುರ್‌ಆನೇ ಹೇಳಿದೆ. ಆದರೆ ಹಕ್ಕುಗಳ ಮಾತು ಬೇರೆ.

ಪ್ರವಾದಿಯವರು(ಸ) ಸಲ್ಮಾನ್(ರ) ಮತ್ತು ಅಬೂದರ್ದಾ(ರ)ರನ್ನು ಸಹೋದರರನ್ನಾಗಿ ಮಾಡಿದ್ದರು. ಸಲ್ಮಾನ್ ಒಮ್ಮೆ ಆ ಮನೆಗೆ ಹೋದಾಗ ಮನೆಯಾಕೆ ಮಾಸಿದ ಬಟ್ಟೆಯಲ್ಲಿದ್ದರು. ವಿಚಾರಿಸಿದರೆ, ಪತಿಗೆ ಲೋಕದ ಗೊಡವೆಯೇ ಇಲ್ಲವೆಂದರು. ಅವರದು ಉಪವಾಸ, ರಾತ್ರಿಯಿಡೀ ನಮಾಝ್. ಸಲ್ಮಾನ್ ಅವರನ್ನು ಊಟಕ್ಕೆ ಕೂರಿಸಿದರು, ರಾತ್ರಿ ಮಲಗಿಸಿದರು, ಕೊನೆಯ ಜಾವದಲ್ಲಿ ಎಬ್ಬಿಸಿ ಜೊತೆಗೆ ನಮಾಝ್ ಮಾಡಿದರು. ದೇವನಂತೆಯೇ ದೇಹಕ್ಕೂ ಮನೆಯವರಿಗೂ ಹಕ್ಕಿದೆಯೆಂದು ತಿಳಿಹೇಳಿದರು. ಪ್ರವಾದಿಯವರು ಅದನ್ನು ಸರಿಯೆಂದರು. ಬುಖಾರಿಯಲ್ಲಿರುವ ಘಟನೆ ಇದು. ಅಬೂದರ್ದಾ ಮನೆಯವರನ್ನು ಮರೆತದ್ದು ಹಣಕ್ಕಾಗಿ ಅಲ್ಲ, ಇಬಾದತಿಗಾಗಿ. ಐಚ್ಛಿಕ ನಮಾಝೇ ಮನೆಯವರ ಹಕ್ಕನ್ನು ಕಸಿಯುವಂತಿಲ್ಲ ಎಂದಾದರೆ ಓವರ್‌ಟೈಮ್‌ಗೆ ಆ ಅಧಿಕಾರ ಎಲ್ಲಿಂದ ಬಂತು?

ಇನ್ನು ಲೆಕ್ಕ. ಸೌದಿಯಲ್ಲಿ ಜೊತೆಗಿರುವ ಕುಟುಂಬದವರ ಮೇಲಿನ ಶುಲ್ಕ 2017ರಲ್ಲಿ ತಲಾ ತಿಂಗಳಿಗೆ 100 ರಿಯಾಲಿನಿಂದ ಆರಂಭವಾಗಿ 2020ಕ್ಕೆ 400ಕ್ಕೇರಿತು. ಹೆಂಡತಿ ಮತ್ತು ಇಬ್ಬರು ಮಕ್ಕಳೆಂದರೆ 1,200 ರಿಯಾಲ್. 4,500ರಲ್ಲಿ ಅದು ಹೋಗಿ, ಮನೆ ಬಾಡಿಗೆ, ಶಾಲೆಯ ಫೀಸು ಹೋದರೆ ಉಳಿಯುವುದೆಷ್ಟು? ಹಾಗಾಗಿಯೇ ಅನೇಕರು ಒಬ್ಬರೇ ಹೋಗುತ್ತಾರೆ. ಸಂಬಳವನ್ನು ರೂಪಾಯಿಗೆ ಗುಣಿಸಿ ನೋಡುವವರು ಈ ಕಳೆಯುವ ಲೆಕ್ಕವನ್ನೂ ಬರೆದು ನೋಡಲಿ.

ಒಬ್ಬರೇ ಹೋಗುವುದಾದರೆ ಪತ್ನಿಯ ಒಪ್ಪಿಗೆ ಬೇಕು. ಖಲೀಫಾ ಉಮರ್(ರ) ಮಗಳು ಹಫ್ಸಾ(ರ)ರಲ್ಲಿ ಕೇಳಿ, ಸೈನಿಕರು ಮನೆಬಿಟ್ಟಿರುವ ಅವಧಿಗೆ ಮಿತಿ ಹಾಕಿದರು. ವರದಿಗಳಲ್ಲಿ ನಾಲ್ಕು ತಿಂಗಳೆಂದೂ ಆರು ತಿಂಗಳೆಂದೂ ಇದೆ. ಎರಡು ವರ್ಷಕ್ಕೊಮ್ಮೆ ರಜೆ ಎಂಬ ಕರಾರಿಗೆ ಸಹಿ ಹಾಕುವ ಮೊದಲು ಆಕೆಯನ್ನು ಕೇಳಿದ್ದೀರಾ? ಅಮ್ಮನನ್ನು ಮಾತ್ರ ಕೇಳಿದರೆ ಸಾಲದು.

ತಲೆಯ ಮೇಲೆ ಸಾಲವಿದ್ದರೆ, ತಂದೆಯ ಚಿಕಿತ್ಸೆ ನಿಂತಿದ್ದರೆ ತಕ್ಕಡಿ ಬೇರೆ ಕಡೆ ವಾಲುತ್ತದೆ. ಸಾಲ ತೀರಿಸುವುದೂ ಹಕ್ಕೇ. ಅಂಥವರು ಹೋಗಲಿ, ಎಷ್ಟು ವರ್ಷವೆಂದು ಮನೆಯವರೆದುರು ಮೊದಲೇ ನಿಶ್ಚಯಿಸಿ ಹೋಗಲಿ. ಮನೆಯಲ್ಲಿ ಕೊರತೆಯಿಲ್ಲದೆ, ನೆರೆಮನೆಗಿಂತ ಒಂದು ಮಹಡಿ ಎತ್ತರ ಕಟ್ಟಲು ಹೋಗುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ಇಸ್ತಿಖಾರದ ಬಗ್ಗೆಯೂ ತಪ್ಪು ತಿಳುವಳಿಕೆಯಿದೆ. ನಮಾಝ್ ಮಾಡಿ ಮಲಗಿ ಕನಸಿಗೆ ಕಾಯುತ್ತಾರೆ. ಅದನ್ನು ಕಲಿಸಿದ ಹದೀಸ್‌ನಲ್ಲಿ ಕನಸಿನ ಮಾತಿಲ್ಲ. ಎರಡು ರಕಅತ್ ನಮಾಝ್ ಮತ್ತು ದುಆ ಇದೆ. ಅಲ್ಲಿ ಹೋಗಿ ಬಂದವರೊಡನೆ, ಮನೆಯವರೊಡನೆ ಸಮಾಲೋಚಿಸಿ, ಲೆಕ್ಕ ನೋಡಿ, ಇಸ್ತಿಖಾರ ಮಾಡಿ, ಸರಿ ಕಂಡ ಕಡೆಗೆ ಹೆಜ್ಜೆ ಇಡಿ.

ಹೋಗುವುದೆಂದಾದರೆ ಈಗಿನ ಮಾಲಕರಿಗೆ ಕರಾರಿನಂತೆ ನೋಟಿಸ್ ಕೊಟ್ಟು, ಆ ಅವಧಿ ಪೂರ್ತಿ ಕೆಲಸ ಮಾಡಿಯೇ ಹೊರಡಿ. ಅದೂ ಕೊಟ್ಟ ಮಾತೇ.